ಬಿದಿರಂಡೆಯ ಕೊನೆಯ ಕಾಗದ

ಕೊಕ್ಕೆಯಲ್ಲಿ ಹಗ್ಗ ಇತ್ತು. ಅಂಡೆ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಏಳು ಗಂಟೆ. ನಾನು ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಂತಿದ್ದೆ. ಕೆಳಗೆ ಶೋಭಿತಾ ಎರಡೂ ಕೈ ಚಾಚಿ ಕಾಯುತ್ತಿದ್ದಳು. ಅವಳು ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಮಾವನವರು ಕಾಡಿನಿಂದ ಬರೆದ ಕಾಗದಗಳ ಫೋಟೋ ತೆಗೆಯಲು ಹಿಂದಿನ ಸಂಜೆಯಷ್ಟೇ ಬಂದಿದ್ದಳು.

"ಸಿಕ್ತಾ ಅಕ್ಕ?"

"ಇಲ್ಲ."

"ಚಿಮಣಿ ಹಿಂದೆ?"

"ಎಲ್ಲೂ ಇಲ್ಲ."

ಬಾಗಿಲಲ್ಲಿದ್ದ ಅತ್ತೆ ಸಿದ್ದಮ್ಮ ಕೈಯಲ್ಲಿದ್ದ ಲೋಟ ನೆಲಕ್ಕಿಟ್ಟು, ಅಲ್ಲೇ ಕೂತುಬಿಟ್ಟರು.

ಮಾವ ಸಣ್ಣಸ್ವಾಮಿ ಸಿದ್ದಾಪುರದಾಚೆಯ ಕಾಡಿನಲ್ಲಿ ಹನ್ನೆರಡು ವರ್ಷ ದನದ ದೊಡ್ಡಿ ನಡೆಸಿದ್ದರು. ಕುಶಾಲನಗರದ ಸುತ್ತಿನ ರೈತರು ನಾಟಿ ಮುಗಿಸಿ ದನ ಒಪ್ಪಿಸುತ್ತಿದ್ದರು. ಸುಗ್ಗಿಯವರೆಗೆ ಮೇಯಿಸಿ ತಿರುಗಿ ತರುವುದು ಮಾವನ ಕೆಲಸ. ಯಾವ ದನ ಕರು ಹಾಕಿತು, ಯಾವುದನ್ನು ಹುಲಿ ಹಿಡಿಯಿತು, ಎಲ್ಲ ಬರೆದು ಪಕ್ಕದಲ್ಲಿ ಆ ದನದ ಕೊಂಬಿನ ಚಿತ್ರ ಬಿಡಿಸುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಉಪ್ಪು, ರಾಗಿಹಿಟ್ಟಿಗೆಂದು ಕಾಡಿನಿಂದ ಇಳಿಯುವ ಆಳು ಚೋಮ ಆ ಕಾಗದವನ್ನು ಬಿದಿರಿನ ಅಂಡೆಯಲ್ಲಿ, ಎಂದರೆ ಮುಚ್ಚಳವಿರುವ ಕೊಳವೆಯಲ್ಲಿಟ್ಟು ತರುತ್ತಿದ್ದ. ಅತ್ತೆಗೆ ಓದು ಬಾರದು. ಊರ ಮೇಷ್ಟರು ಓದಿ ಹೇಳುತ್ತಿದ್ದರು. ಈಗ ಅವೆಲ್ಲ ಅದೇ ಅಂಡೆಯಲ್ಲಿದ್ದವು.

ಒಂದನ್ನು ಮಾತ್ರ ಯಾರೂ ಓದಿರಲಿಲ್ಲ. ಕೊನೆಯದು. ಅದನ್ನು ಚೋಮ ತಂದ ದಿನ ಅವನ ಹಿಂದೆಯೇ ಮಾವನೂ ಇಳಿದು ಬಂದರು. ಮನುಷ್ಯನೇ ಬಂದ ಮೇಲೆ ಕಾಗದ ಯಾಕೆ ಎಂದು ಅತ್ತೆ ಒಡೆಸಲಿಲ್ಲ. ಮರುವರ್ಷ ಮಾವ ತೀರಿಹೋದರು. ಆಮೇಲೂ ಒಡೆಸಲಿಲ್ಲ. "ಒಡೆಯೋವರ್ಗೂ ಅವ್ರು ಇನ್ನೂ ಒಂದ್ ಮಾತು ಹೇಳೋದೈತೆ ಕಣಮ್ಮ" ಎಂದಿದ್ದರು ನನಗೆ.

ನಾನು ಹೆಚ್ಚೇನೂ ಕೇಳಲಿಲ್ಲ. ನನ್ನ ಗಂಡ ಚಂದ್ರು ತೀರಿಹೋಗಿ ಎರಡು ವರ್ಷವಾಗಿತ್ತು.

ಬರುವ ಭಾನುವಾರ ಮಾವನವರಿಗೆ ಎಡೆ ಇಡುವ ದಿನ. ನಲವತ್ತು ವರ್ಷ ಕಾದದ್ದು ಸಾಕು, ಅಂದು ಒಡೆದು ಓದು ಎಂದು ಅತ್ತೆಯೇ ಹೇಳಿದ್ದರು. ಈಗ ಅಂಡೆಯೇ ಇಲ್ಲ.

ಮೈದುನ ತೇಜಸ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದ. ಶೋಭಿತಾಳ ಬ್ಯಾಗಿನತ್ತ ಒಮ್ಮೆ ನೋಡಿದ. ಅವಳ ಕಣ್ಣು ತುಂಬಿತು.

"ನಾನು ಮುಟ್ಟೇ ಇಲ್ಲ! ಬೇಕಾದ್ರೆ ಬ್ಯಾಗ್ ನೋಡಿ!"

"ಆ ಮಗೀನ್ ಯಾಕ್ ನೋಡ್ತೀಯೋ?" ಅತ್ತೆ ಗದರಿದರು. "ಕಾಗ್ದಕ್ಕೆ ಕಟ್ಟು ಹಾಕ್ಸಿ ನನ್ ಹೋಂಸ್ಟೇ ಗೋಡೆಗೆ ಹೊಡಿತೀನಿ ಅಂತ ಕುಣೀತಿದ್ದೋನು ಯಾರು?"

"ಅವ್ವಾ! ಅಂಗಡೀಲಿ ರೇಟ್ ಕೇಳಿದ್ದು ಅಷ್ಟೆ! ಪೊಲೀಸ್ನೋರಿಗೆ ಹೇಳಾನ."

"ಪೊಲೀಸ್ ಬ್ಯಾಡ. ಪೋಸ್ಟಮ್ಮನ್ನ ಕರಿ."

ಪೋಸ್ಟಮ್ಮ ಎಂದರೆ ಪಕ್ಕದ ಮನೆಯ ವೇದಾವತಿ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. "ಹೊಳೆ ದಾಟಿ ಎರಡನೇ ಮನೆ, ಕೋಪದ ಅಜ್ಜಿಗೆ" ಎಂದಷ್ಟೇ ವಿಳಾಸವಿದ್ದ ಕಾಗದವನ್ನೂ ತಲುಪಿಸಿದವರು. ಊರಲ್ಲಿ ಕೋಳಿ ಕಳೆದರೂ ಅವರನ್ನೇ ಕರೆಯುವುದು.

ಬಂದವರೇ ಕಾಫಿ ಕೇಳಿದರು. ಕುಡಿಯುತ್ತಾ ಮೇಲೆ ನೋಡಿದರು.

"ಅಳಬೇಡ್ವೆ ಹುಡುಗಿ. ಸಿದ್ದಮ್ಮ, ಅಂಡೇನ ಕೊನೇ ಸಲ ಯಾರು ನೋಡಿದ್ದು?"

ಯಾರಿಗೂ ನೆನಪಿಲ್ಲ. ಮೂರು ತಿಂಗಳ ಹಿಂದೆ ತೇಜಸ್ ಸೌದೆ ಒಲೆ ಒಡೆಸಿ, ಟೈಲ್ಸ್ ಹಾಕಿಸಿ, ಗ್ಯಾಸ್ ಒಲೆಯನ್ನೂ ಅದರ ಮೇಲೆ ಒಂದು ಚಿಮಣಿಯನ್ನೂ ಕೂರಿಸಿದ್ದ. ಅತ್ತೆಯ ಹಟಕ್ಕೆ ಅಂಡೆ ಮಾತ್ರ ಹಳೆಯ ಕೊಕ್ಕೆಯಲ್ಲೇ ಉಳಿದಿತ್ತು. ಚಿಮಣಿಯ ಪಕ್ಕದ ಕತ್ತಲಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಹಗ್ಗ ನೋಡಿದ್ರಾ?" ಎಂದರು ವೇದಾವತಿ.

ನೋಡಿದೆವು. ಮೂರು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಕೊಕ್ಕೆಗೆ ಹಾಕಿತ್ತು.

"ಕಳ್ಳ ಹಗ್ಗ ಕೊಯ್ತಾನೆ. ಇಲ್ಲ, ಎಳೆದು ಬಿಸಾಡ್ತಾನೆ. ಸುತ್ತಿಡೋದ್ಯಾರು?—ಇರ್ಲಿ. ಮಾನಸ, ಈ ಒಲೆ ಒರೆಸೋದು ನೀನೇನಾ?"

"ನಾನೇ."

"ಬೆಳಗ್ಗೆ ಒರೆಸುವಾಗ ಏನೇನು ಸಿಗುತ್ತೆ?"

ವಿಚಿತ್ರ ಪ್ರಶ್ನೆ. "ಎಣ್ಣೆ. ಸಾಸಿವೆ. ಟೈಲ್ಸ್ ಕೆಲಸದ ಹುಡಿ. ಮೂರು ತಿಂಗಳಾದರೂ ದಿನಾ ಒಂದು ಚಿಟಿಕೆ ಉದುರುತ್ತಿತ್ತು."

"ಉದುರುತ್ತಿತ್ತು? ಈಗಿಲ್ವಾ?"

"ಬುಧವಾರದಿಂದ ಇಲ್ಲ. ಅಂತೂ ಮುಗಿಯಿತು ಅಂದುಕೊಂಡೆ."

"ಮಂಗಳವಾರ?"

"ಬೆಳಗ್ಗೆ ಇತ್ತು."

"ಬಣ್ಣ? ಸಿಮೆಂಟಿನ ಬೂದಾ?"

ಯೋಚಿಸಿದೆ. ದಿನಾ ಒರೆಸಿದ್ದೆ; ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. "ಬೂದು ಅಲ್ಲ. ತಿಳಿ ಹಳದಿ. ರವೆಗಿಂತ ನುಣುಪು."

ವೇದಾವತಿ ಲೋಟ ಕೆಳಗಿಟ್ಟರು. "ತೇಜು, ಮಂಗಳವಾರ ಎಲ್ಲಿದ್ದೆಯೋ?"

"ಮೈಸೂರಲ್ಲಿ. ಸೋಮವಾರ ಶುಂಠಿ ಲೋಡ್ ಜೊತೆ ಹೋದೋನು ನಿನ್ನೆ ಸಂಜೆ ಬಂದೆ. ಇವ್ರನ್ನೂ ಕುಶಾಲನಗರದ ಸ್ಟ್ಯಾಂಡಿಂದ ನಾನೇ ಕರ್ಕೊಂಡ್ ಬಂದಿದ್ದು."

"ಹಂಗಾದ್ರೆ ಇಬ್ರೂ ಅಲ್ಲ. ಮಂಗಳವಾರ ಬೆಳಗ್ಗೆ ಅಂಡೆ ಇತ್ತು, ಬುಧವಾರ ಬೆಳಗ್ಗೆ ಇರ್ಲಿಲ್ಲ."

"ಹುಡಿಗೂ ಅಂಡೆಗೂ ಏನ್ರೀ ಸಂಬಂಧ?" ಎಂದ ತೇಜಸ್.

"ಹೇಳ್ತೀನಿ. ಚೋಮ ಎಲ್ಲಿ?"

"ಆರಕ್ಕೇ ದನಾನ ಹೊಳೆಗೆ ನೀರ್ ಕುಡ್ಸಕ್ಕೆ ಹೊಡ್ಕೊಂಡ್ ಹೋದ. ಈ ಗಲಾಟೆ ಅವ್ನಿಗೆ ಗೊತ್ತೇ ಇಲ್ಲ," ಎಂದರು ಅತ್ತೆ. "ಅವ್ನನ್ ಯಾಕ್ ಕೇಳ್ತೀರಿ ಪೋಸ್ಟಮ್ಮ? ಅವ್ನಿಗೆ ಓದಕ್ಕೇ ಬರಲ್ವಲ್ಲ."

"ನೀವೆಲ್ಲ ತಪ್ಪಿದ್ದು ಅಲ್ಲೇ," ಎಂದು ವೇದಾವತಿ ಸೆರಗು ಸಿಕ್ಕಿಸಿಕೊಂಡು ಎದ್ದರು.

ಚೋಮನ ಮನೆ ಕೊಟ್ಟಿಗೆಯ ಹಿಂದೆ. ಒಂದೇ ಕೋಣೆ. ನಾವು ಹೋಗುವ ಹೊತ್ತಿಗೆ ಅವನು ದನವನ್ನು ತಿರುಗಿ ತಂದು ಕಟ್ಟಿ, ಒಲೆಯ ಮುಂದೆ ಕೂತು ಕರಿಕಾಫಿಗೆ ಬೆಲ್ಲ ಹಾಕುತ್ತಿದ್ದ. ಐದು ಜನ ಒಮ್ಮೆಗೇ ನುಗ್ಗಿದ್ದನ್ನು ಕಂಡು ಎದ್ದು ನಿಂತ.

"ಅಯ್ಯೋ, ಲೋಟ ಎರಡೇ ಇರೋದು!"

"ಕಾಫಿ ಬೇಡ ಚೋಮ. ಮೇಲೆ ಏನು ಹೊಗೆ ಹಾಕ್ತಿದ್ದೀಯ?"

ಒಲೆಯ ನೇರಕ್ಕೆ, ಮಸಿ ಹಿಡಿದ ತೊಲೆಯಿಂದ ಬಿದಿರಂಡೆ ನೇತಾಡುತ್ತಿತ್ತು. ಹೊಗೆ ಅದನ್ನು ಸುತ್ತಿ ಹೆಂಚಿನ ಸಂದಿಯಿಂದ ಆಚೆ ಹೋಗುತ್ತಿತ್ತು.

"ಕಳ್ ನನ್ಮಗ್ನೆ!" ಎಂದರು ಅತ್ತೆ. "ಬೆಳಗ್ಗಿಂದ ನನ್ ಜೀವ ಹೋಯ್ತು! ಒಂದ್ ಮಾತ್ ಹೇಳಕ್ಕೇನಾಗಿತ್ತು?"

"ನೀವ್ ನೋಡ್ತೀರಾ ಅಂದ್ಕೊಂಡಿರ್ಲಿಲ್ಲ ಅವ್ವ. ನಾಳೆ ತಂದ್ ತೂಗಾಕ್ತಿದ್ದೆ."

ವೇದಾವತಿ ಜಗಲಿಯ ಮೇಲೆ ಕೂತರು. "ಕೇಳಿ. ಹಳದಿ ಹುಡಿ ಬಿದಿರು ಕೊರೆಯೋ ಕುಟ್ಟೆ ಹುಳದ್ದು. ಬಿದಿರಿಗೆ ಹೊಗೆ ತಾಗ್ತಾ ಇದ್ರೆ ಹುಳ ಬೀಳಲ್ಲ. ನಲವತ್ತು ವರ್ಷ ಆ ಅಂಡೆ ಸೌದೆ ಒಲೆ ಮೇಲಿತ್ತು, ಏನೂ ಆಗ್ಲಿಲ್ಲ. ಗ್ಯಾಸ್ ಬಂತು, ಹೊಗೆ ಹೋಯ್ತು, ಹುಳ ಬಂತು. ಮಾನಸ ದಿನಾ ಅದನ್ನೇ ಒರೆಸಿದ್ದು. ಅಂಡೆ ಹೋದ ದಿನ ಹುಡಿ ನಿಂತಿತು. ಅದರಿಂದ ದಿನ ಗೊತ್ತಾಯ್ತು."

"ಆದರೆ ಚೋಮಣ್ಣನೇ ಅಂತ ಹೇಗೆ?" ಎಂದಳು ಶೋಭಿತಾ.

"ನೀವೆಲ್ಲ ಓದೋರ ಮೇಲೆ ಅನುಮಾನಪಟ್ರಿ. ಕಾಗದ ಕಂಡ್ರೆ ಓದೋರು ಒಳಗೇನಿದೆ ಅಂತ ನೋಡ್ತಾರೆ. ಹೊರೋರು ಒದ್ದೆ ಆಯ್ತಾ, ಹುಳ ಹಿಡೀತಾ ಅಂತ ನೋಡ್ತಾರೆ. ನಾನೂ ಮೂವತ್ತು ವರ್ಷ ಕಾಗದ ಹೊತ್ತೋಳೇ. ಹಗ್ಗ ಸುತ್ತಿಟ್ಟೋನು ತಿರುಗಿ ಕಟ್ಟೋಕೆ ಬರ್ತಾನೆ. ಮತ್ತೆ, ಈ ಮನೇಲಿ ಸೌದೆ ಒಲೆ ಉಳಿದಿರೋದು ಇವನತ್ರ ಒಂದೇ."

ಚೋಮ ತಲೆ ಕೆರೆದುಕೊಂಡ. "ಮಂಗ್ಳಾರ ಊಟಕ್ ಬಂದಾಗ ಮೇಲ್ ನೋಡ್ದೆ. ಅಂಡೆ ತುಂಬ ತೂತು. ತೇಜಣ್ಣ ಟೈಲ್ಸ್ ಹಾಕ್ಸಿ ಖುಷೀಲಿದ್ರು. ಅವ್ವಂಗೆ ಹೇಳಿದ್ರೆ ಟೈಲ್ಸ್ ಕಿತ್ತು ಒಲೆ ಕಟ್ಟು ಅಂತಾರೆ..."

"ಅಂತಿದ್ದೆ ಕಣೋ!" ಎಂದರು ಅತ್ತೆ.

ತೇಜಸ್ ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಾ ನಿಂತ. ಆಮೇಲೆ ಶೋಭಿತಾಳಿಗೆ "ಸಾರಿ" ಎಂದ. ಬ್ಯಾಗ್ ನೋಡಿದ್ದಕ್ಕೆ.

ಅಂಡೆ ಇಳಿಸಿದೆವು. ಮುಚ್ಚಳ ತೆಗೆದರೆ ಹೊಗೆಯ ವಾಸನೆ. ಹುಳ ಕಾಗದಕ್ಕೆ ಇಳಿದಿರಲಿಲ್ಲ. ಎಲ್ಲಕ್ಕಿಂತ ಒಳಗೆ, ಅನ್ನ ಹಚ್ಚಿ ಅಂಟಿಸಿದ್ದ ಆ ಒಂದು ಕಾಗದ.

"ಭಾನ್ವಾರದವರ್ಗೂ ಕಾಯಕ್ಕಾಗಲ್ಲ," ಎಂದರು ಅತ್ತೆ. "ಈಗ್ಲೇ ಓದು ಕಣಮ್ಮ."

ಚೋಮನ ಚಾಕುವಿನಿಂದ ಬಿಡಿಸಿ ಓದಿದೆ.

"ಸಿದ್ದಿಗೆ. ಸುಗ್ಗಿಗೆ ದನ ಒಪ್ಪಿಸಿದ ಮೇಲೆ ದೊಡ್ಡಿ ಎತ್ತುತ್ತೇನೆ. ಇನ್ನು ಕಾಗದ ಬರುವುದಿಲ್ಲ, ನಾನೇ ಬರುತ್ತೇನೆ. ಕಾಗದ ಹೊರುವ ಕೆಲಸ ಹೋಯಿತೆಂದು ಚೋಮನಿಗೆ ಬೇಜಾರಾಗಿದೆ. ಆದ್ದರಿಂದ ಹಳೆಯ ಕಾಗದ ಕಾಯುವ ಕೆಲಸ ಅವನಿಗೇ ಕೊಡು. ನೀನು ಪೆಟ್ಟಿಗೆಯಲ್ಲಿಟ್ಟು ಹುಳ ಹಿಡಿಸುತ್ತೀಯ. ಅವನು ಹೊಗೆಗೆ ಕಟ್ಟುತ್ತಾನೆ. ಅವನನ್ನು ಬೈಯಬೇಡ."

ಕೆಳಗೆ ಒಂದು ಎಮ್ಮೆಯ ಕೊಂಬಿನ ಚಿತ್ರ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ನಿನಗೆ ಸಿಟ್ಟು ಬಂದಾಗ."

ಅತ್ತೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಈಗ್ ತಾನೆ ಬೈದ್ನಲ್ಲಾ!"

"ಇಷ್ಟು ತಡವಾದ ಟಪಾಲು ನಾನು ಕಂಡಿಲ್ಲ," ಎಂದರು ವೇದಾವತಿ. "ಅದು ತಲುಪೋ ಮೊದಲೇ ಇವನು ಕೆಲಸ ಶುರು ಮಾಡಿಬಿಟ್ಟಿದ್ದಾನೆ."

ಚೋಮ ಖಾಲಿ ಅಂಡೆಯನ್ನು ಮತ್ತೆ ತನ್ನ ತೊಲೆಗೆ ಕಟ್ಟಿದ. ಯಾರೂ ಬೇಡವೆನ್ನಲಿಲ್ಲ. ಶೋಭಿತಾ ಕಾಗದಗಳನ್ನು ಒಂದೊಂದಾಗಿ ಜಗಲಿಯ ಬಿಸಿಲಿಗೆ ಹರಡಿ ಫೋಟೋ ತೆಗೆಯತೊಡಗಿದಳು.

"ಅತ್ತೆ," ಎಂದೆ ಮೆಲ್ಲಗೆ. "ಮಾವನವರ ಮಾತು ಮುಗಿದೇ ಹೋಯಿತಲ್ಲ."

"ಎಲ್ ಮುಗೀತು?" ಅತ್ತೆ ಜಗಲಿಯಲ್ಲಿ ನನಗೆ ಜಾಗ ಮಾಡಿ, ಎಲ್ಲಕ್ಕಿಂತ ಹಳೆಯ ಕಾಗದವನ್ನು ಕೈಗಿತ್ತರು. "ಮೊದಲ್ನೇದ್ರಿಂದ ಓದು. ಆ ಮೇಷ್ಟರು ಓದೋವಾಗ ಅರ್ಧ ನುಂಗ್ತಿದ್ರು."