ಬೆಳೆಯದ ಕಣಗಳು

ಉಕ್ಕಿನ ತುಂಡನ್ನು ಅವಳು ಅವನ ಮುಂದೆ ಎಸೆದಳು. ಎರಕದ ಕಾರ್ಖಾನೆಯಲ್ಲಿ ಎಲ್ಲರ ಕೈಯೂ ನಿಂತಿತು.

"ಕುಲುಮೆ ಆರಿಸಿ ಮನೆಗೆ ಹೋಗಿ ಮಲಗಿದ್ರಾ?"

ಕೇಳಿದವಳು ಯಜಮಾನರ ಮಗಳು, ಪರೀಕ್ಷಾಲಯದ ಮುಖ್ಯಸ್ಥೆ. ಕೇಳಿಸಿಕೊಂಡವನು ಕುಲುಮೆಯ ಎಂಜಿನಿಯರ್. ಹಿಂದಿನ ಸಂಜೆಯಷ್ಟೇ ಅವನು, ನನ್ನನ್ನು ಮದುವೆಯಾಗ್ತೀರಾ ಎಂದಿದ್ದ. ಹೂಂ ಎನ್ನಬೇಕೆಂದೇ ಅವಳು ಬೆಳಗಾಗುವುದನ್ನು ಕಾದಿದ್ದಳು...

"ಕುಲುಮೆ ಉರಿದಿತ್ತು," ಎಂದ.

"ಸುಳ್ಳು. ರಾತ್ರಿಯಿಡೀ ಕಾದ ಉಕ್ಕಿನಲ್ಲಿ ದೊಡ್ಡ ಕಣ ಸಣ್ಣದನ್ನು ನುಂಗಿ ಬೆಳೀಬೇಕು, ಉಕ್ಕು ಮೆತ್ತಗಾಗಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಇದ್ದ ಹಾಗೇ ಇವೆ. ಅಪ್ಪ, ಇವರನ್ನು ಕೆಲಸದಿಂದ ಕಳಿಸಿಬಿಡಿ."

"ಪರೀಕ್ಷೆ ನಿನ್ನದು, ಮಾತೂ ನಿನ್ನದೇ," ಎಂದರು ಅಪ್ಪ.

ಅವನು ಕೈಗವಸು ಕಳಚಿಟ್ಟು ಹೊರಟ. ವಾದಿಸಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

ಸಿಟ್ಟಿಗೇ ಅವಳು ಅದೇ ಉಕ್ಕಿನ ಇನ್ನೊಂದು ತುಂಡನ್ನು ಕುಲುಮೆಗಿಟ್ಟು, ರಾತ್ರಿಯಿಡೀ ಕದಲದೆ ಕಾವಲು ಕೂತಳು.

ಕಣಗಳು ಬೆಳೆಯಲಿಲ್ಲ. ತುಂಡು ಮೊದಲಿನಷ್ಟೇ ಗಟ್ಟಿ.

ಉಕ್ಕಿನ ಅಂಶಗಳನ್ನು ಒಂದೊಂದಾಗಿ ಅಳೆದಾಗ ಚಿಟಿಕೆಯಷ್ಟು ನಿಯೋಬಿಯಂ ಸಿಕ್ಕಿತು. ಯಾರೂ ಹಾಕಿರದ ಲೋಹ, ಉಕ್ಕಿಗೆಂದು ಕರಗಿಸಿದ ಗುಜರಿಯೊಡನೆ ಬಂದದ್ದು. ಕಾದ ಉಕ್ಕಿನಲ್ಲಿ ಅದು ಕಣಗಳ ನಡುವಿನ ಗಡಿಗೆ ಹೋಗಿ ಸೇರುತ್ತದೆ. ಗಡಿಯನ್ನು ಸರಿಯಗೊಡುವುದಿಲ್ಲ, ಒಂದು ಕಣ ಇನ್ನೊಂದನ್ನು ನುಂಗಗೊಡುವುದಿಲ್ಲ.

ಆ ಗುಜರಿಯನ್ನು ಪರೀಕ್ಷಿಸದೆ ಒಳಗೆ ಬಿಟ್ಟವಳು ಅವಳೇ.

ಅವಳು ಹೋದಾಗ ಅವನ ಬಾಡಿಗೆ ಕೋಣೆಯಲ್ಲಿ ಪೆಟ್ಟಿಗೆ ಅರ್ಧ ತುಂಬಿತ್ತು.

"ತಪ್ಪು ನನ್ನದು, ಗುಜರಿಯಲ್ಲಿ ಚಿಟಿಕೆ ನಿಯೋಬಿಯಂ ಇತ್ತು, ಕಣ ಬೆಳೆಯೋಕೆ ಬಿಡಲಿಲ್ಲ," ಎಂದಳು, ಸಿಟ್ಟಿನಲ್ಲೇ. "ನಿಮ್ಮ ಬಾಯಿಗೇನು ಬೀಗ ಬಿದ್ದಿತ್ತಾ?"

"ಕುಲುಮೆ ಉರಿದಿತ್ತು ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ನಿಮಗೆ ಸಾಲಲಿಲ್ಲ." ಅವನು ಅಂಗಿ ಮಡಿಚುತ್ತಲೇ ಇದ್ದ. "ಸುಳ್ಳುಗಾರ ಅಂದಿದ್ದು ಎಲ್ಲರ ಎದುರು, ತಪ್ಪೊಪ್ಪೋದು ನಾಲ್ಕು ಗೋಡೆ ಮಧ್ಯೆ. ಲೆಕ್ಕ ಸರಿಹೋಗಲ್ಲ, ಮೇಡಂ."

ಮೇಡಂ... ಮೊನ್ನೆಯವರೆಗೆ ಅವನ ಬಾಯಲ್ಲಿ ಅದು ತಮಾಷೆಯ ಮಾತಾಗಿತ್ತು.

"ಹಾಗಾದ್ರೆ ನಡೀರಿ," ಎಂದಳು.

ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕ ನಿಂತು ಎಲ್ಲರೆದುರು ಹೇಳಿದಳು: "ಇವರು ಸುಳ್ಳು ಹೇಳಿರಲಿಲ್ಲ. ಗುಜರಿ ನೋಡದೆ ಒಳಗೆ ಬಿಟ್ಟಿದ್ದು ನಾನು."

"ಜೋರಾಗಿ ಹೇಳವ್ವ," ಎಂದ ಎರಕ ಹೊಯ್ಯುವ ಮುದುಕ. "ಬ್ಲೋವರ್ ಸದ್ದಿಗೆ ಕೇಳ್ತಿಲ್ಲ."

ಕೇಳಿತ್ತು, ಎಲ್ಲರಿಗೂ ಗೊತ್ತು. ಆದರೂ ಅವಳು ಮತ್ತೊಮ್ಮೆ ಹೇಳಿದಳು, ಕೂಗಿ.

ಅಪ್ಪ ಕೈಗವಸನ್ನು ಅವನ ಕೈಗಿಟ್ಟು ಆಚೆ ಹೋದರು.

"ಸಿಟ್ಟು ಇಳೀತಾ?" ಎಂದಳು.

"ಇಲ್ಲ. ನಿಮಗೆ?"

"ನನಗೂ ಇಲ್ಲ. ನಿಮ್ಮೊಳಗೆ ಕರಗಿಹೋಗೋಳಲ್ಲ ನಾನು. ಜಗಳ ತಪ್ಪಲ್ಲ."

"ನಮ್ಮ ನಡುವೆ ಚಿಟಿಕೆ ಜಗಳ ಇರಲಿ. ಯಾರೂ ಯಾರನ್ನೂ ನುಂಗಲ್ಲ."

ಅವಳು ಕುಲುಮೆಯ ಕಡೆ ತಿರುಗಿದಳು.

"ಹೂಂ."

"ಯಾವುದಕ್ಕೆ ಹೂಂ?"

"ಆ ಸಂಜೆ ಕೇಳಿದ್ರಲ್ಲ... ಅದಕ್ಕೆ."