ಅವಸರದ ಚಳಿ

ಆ ಮಧ್ಯಾಹ್ನ ನಮ್ಮ ವರ್ಕ್‌ಶಾಪಿಗೆ ಅವನ ಹಿಂದೆಯೇ ಅವಳೂ ಬಂದಳು. ಕಂಕುಳಲ್ಲಿ ಹೆಲ್ಮೆಟ್, ಗಾಳಿಗೆ ಕೆದರಿದ ಕೂದಲು, ಆದರೂ ಚೆಂದ. ನನಗೆ ಉರಿದದ್ದೇ ಅದಕ್ಕೆ. ಕೂದಲು ಕೆದರಿದರೆ ನಾನು ಜ್ವರದಿಂದ ಎದ್ದವಳ ಹಾಗೆ ಕಾಣುತ್ತೇನೆ.

ಅವನು ರೇಸ್ ಕಾರಿನ ಎಂಜಿನ್ ಕಟ್ಟುವವನು. ಎಲ್ಲರ ಬಾಯಲ್ಲೂ 'ಡಾಕ್ಟ್ರು'. ಅವಳು ಆ ಕಾರು ಓಡಿಸುವವಳು. ನಾನು ಸೋದರತ್ತೆಯ ವರ್ಕ್‌ಶಾಪಿನಲ್ಲಿ ಲೋಹಕ್ಕೆ ಚಳಿ ಹಿಡಿಸುವವಳು. ಎಂಜಿನ್ನಿನ ಭಾಗಗಳನ್ನು ಚೇಂಬರಿನಲ್ಲಿಟ್ಟು, ಲಿಕ್ವಿಡ್ ನೈಟ್ರೋಜನ್ ಬಿಟ್ಟು, ಯಾವ ಹಿಮಬೆಟ್ಟದಲ್ಲೂ ಇಲ್ಲದ ಚಳಿಗೆ ಇಳಿಸುತ್ತೇನೆ. ಆಮೇಲೆ ಅವು ಸುಲಭಕ್ಕೆ ಸವೆಯುವುದಿಲ್ಲ. ಇಳಿಸುವುದು ಮಾತ್ರ ನಿಧಾನ, ನಿದ್ದೆ ಹೋದ ಮಗುವನ್ನು ತೋಳಿನಿಂದ ಹಾಸಿಗೆಗೆ ಇಳಿಸಿದಷ್ಟು ನಿಧಾನ. ಅವಸರ ಮಾಡಿದರೆ ಒಳಗೊಳಗೇ ಬಿರುಕು, ಕಣ್ಣಿಗೆ ಕಾಣದ್ದು.

ಬೇರೆ ಗಿರಾಕಿಗಳು ಭಾಗಗಳನ್ನು ಕೊಟ್ಟು ಹೋಗಿ ಮಾರನೇ ದಿನ ಬರುತ್ತಾರೆ. ಅವನೊಬ್ಬ ಮಾತ್ರ ಅವು ಚಳಿಗೆ ಇಳಿಯುವಷ್ಟು ಹೊತ್ತೂ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದ. ಆ ಹೊತ್ತು ನನ್ನದು ಎಂದುಕೊಂಡಿದ್ದೆ. ಇವತ್ತು ಇನ್ನೊಂದು ಸ್ಟೂಲ್ ಬೇಕಾಯಿತು.

"ಡಾಕ್ಟ್ರೇ, ನನ್ನ ಕನೆಕ್ಟಿಂಗ್ ರಾಡ್‌ಗಳಿಗೆ ನೆಗಡಿ ಆಗಲ್ವಾ?" ಎಂದು ಅವಳು ಚೇಂಬರಿನತ್ತ ಕೈ ತೋರಿಸಿದಳು.

"ಆದ್ರೆ ಸ್ವೆಟರ್ ಹಾಕೋಣ ಬಿಡು."

'ಬಿಡು' ಅಂತೆ! ನನಗೆ ಇವತ್ತಿಗೂ 'ನೀವು'.

ಅವಳ ಕೆನ್ನೆಗೆ ಗ್ರೀಸ್ ಹತ್ತಿತ್ತು. ಅವನು ಕರ್ಚೀಫಿನಿಂದ ಒರೆಸಿದ. ಒಂದೇ ಸಲಕ್ಕೆ ಹೋಗಿತ್ತು, ನಾನು ನೋಡಿದ್ದೇನೆ. ಆದರೂ ಮತ್ತೆ ಒರೆಸಿದ.

ಅತ್ತೆ ಹಾದುಹೋಗುತ್ತಾ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು: "ಏನೇ ಹಾಗೆ ನೋಡ್ತೀಯ? ನೈಟ್ರೋಜನ್ ಖರ್ಚೇ ಬೇಡ, ನಿನ್ನ ಮುಖ ತೋರಿಸಿದ್ರೆ ಸಾಕು."

ಅಜ್ಜಿಯ ಕಥೆಗಳಲ್ಲಿ ಕಿರಿಯ ರಾಣಿಯ ತೊಟ್ಟಿಲಿನಿಂದ ಮಗುವನ್ನು ಕದ್ದು, ಅಲ್ಲಿ ಕಲ್ಲು ಇಡುವ ಹಿರಿಯ ರಾಣಿ ಇರುತ್ತಿದ್ದಳು. ನಾನು ಯಾವತ್ತೂ ಕಿರಿಯವಳ ಕಡೆ. ಆದರೆ ಆ ಗಳಿಗೆಯಲ್ಲಿ ನನ್ನ ಕೈ ಹಿರಿಯವಳದಾಯಿತು. ಚೇಂಬರನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ಹಾಕಿ ನೈಟ್ರೋಜನ್ ವಾಲ್ವ್ ಪೂರ್ತಿ ತಿರುಗಿಸಿದೆ. ಬೇಗ ಇಳಿಯಲಿ, ಇಬ್ಬರೂ ಬೇಗ ಎದ್ದು ಹೋಗಲಿ.

ಪರದೆಯ ಮೇಲೆ ಮೆಟ್ಟಿಲಿಳಿಯುತ್ತಿದ್ದ ಉಷ್ಣತೆಯ ಗೆರೆ ಬಾವಿಗೆ ಬಿದ್ದ ಹಾಗೆ ಬಿತ್ತು.

ಅವಳು ಯಾವುದಕ್ಕೋ ಜೋರಾಗಿ ನಕ್ಕಳು. ಆ ನಗುವಿನ ನಡುವೆಯೇ ನನಗೆ ಟ್ರ್ಯಾಕಿನ ತಿರುವು ಕಾಣಿಸಿತು, ಆ ವೇಗದಲ್ಲಿ ಮುರಿಯುವ ರಾಡ್ ಕಾಣಿಸಿತು. ಗಾಬರಿಯಿಂದ ವಾಲ್ವ್ ಮುಚ್ಚಿದೆ. ತಡವಾಗಿತ್ತು.

ಫೋನ್ ಬಂತೆಂದು ಅವಳು ಹೊರಗೆ ಹೋದಾಗ ಅವನೆದುರು ನಿಂತೆ.

"ಈ ರಾಡ್‌ಗಳನ್ನ ಎಂಜಿನ್ನಿಗೆ ಹಾಕ್ಬೇಡಿ."

"ಯಾಕೆ?"

"ಅವಸರ ಮಾಡ್ದೆ. ಬೇಕಂತಲೇ."

ಅವನ ಮುಖ ಬಿಳಿಚಿಕೊಂಡಿತು. "ಭಾನುವಾರ ರೇಸ್ ಇದೆ! ಯಾಕ್ರೀ ಹಾಗ್ ಮಾಡಿದ್ರಿ?"

"ನೀವಿಬ್ರೂ ಬೇಗ ಹೋಗ್ಬೇಕು ಅಂತ." ತೋಳಿನಿಂದ ಕಣ್ಣೊರೆಸಿಕೊಂಡೆ. "ನೀವಲ್ಲ. ಅವಳು."

ಅವನು ಚೇಂಬರನ್ನೇ ನೋಡುತ್ತಾ ನಿಂತ.

"ಕೋಪ ಬಂತಾ?"

"ತುಂಬಾ. ನೀವು ಹೇಳದೇ ಇದ್ದಿದ್ರೆ ಅವಳನ್ನ ಇದೇ ರಾಡ್ ಹಾಕಿದ ಎಂಜಿನ್‌ನಲ್ಲಿ ಕಳಿಸ್ತಿದ್ದೆ."

"ಅದಕ್ಕೇ ಹೇಳ್ದೆ. ಇನ್ಮೇಲೆ ನೀವು ಇಲ್ಲಿಗೆ ಬರದಿದ್ರೂ ಸರಿ."

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. "ಅವಳಿಗೆ ದೊಡ್ಡ ಟೀಮ್ ಸಿಕ್ಕಿದೆ, ದೂರದ ಊರಲ್ಲಿ. ಜೊತೆಗೆ ಬಾ ಅಂತ ಕರೆದ್ಲು."

"ಏನಂದ್ರಿ?"

"ಬರಲ್ಲ ಅಂದೆ. ಇಷ್ಟು ಚೆನ್ನಾಗಿ ಕೂಲಿಂಗ್ ಮಾಡೋರು ಅಲ್ಲಿ ಸಿಗಲ್ಲ ಅಂದೆ." ಅವನ ತುಟಿಯಂಚು ಅಲುಗಿತು. "ಇವತ್ತು ನೋಡಿದ್ರೆ ಇಲ್ಲೂ ಸಿಗಲ್ಲ."

ಅಳುತ್ತಲೇ ನಕ್ಕುಬಿಟ್ಟೆ. "ಹಾಗಾದ್ರೆ ಹೋಗ್ತೀರಾ?"

"ರೀ, ಬರೀ ರಾಡ್‌ಗೋಸ್ಕರ ಯಾರಾದ್ರೂ ಇಷ್ಟು ತಿಂಗಳು ಈ ಕಾಲು ಮುರಿದ ಸ್ಟೂಲ್ ಮೇಲೆ ಕೂರ್ತಾರಾ?"

ನನ್ನ ಕಿವಿ ಬಿಸಿಯಾಯಿತು.

"ಇನ್ನೊಂದು ಸೆಟ್ ಇದೆ, ತರ್ತೀನಿ," ಎಂದು ಎದ್ದ. "ಅವಳಿಗೂ ನಿಜ ಹೇಳ್ಬೇಕು."

"ನಾನೇ ಹೇಳ್ತೀನಿ."

"ಮೊದಲು ನಾನು ಸ್ವಲ್ಪ ಸಮಾಧಾನ ಮಾಡ್ತೀನಿ. ಆಮೇಲೆ ಬಂದು ಆರಾಮಾಗಿ ಬೈಸ್ಕೊಳ್ಳಿ."

ಗಾಜಿನ ಬಾಗಿಲಾಚೆ ಅವನು ಹೇಳುತ್ತಿದ್ದ, ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ತಪ್ಪು ನನ್ನದು, ನಾಚಿಕೆಯಿಂದ ತಲೆ ತಗ್ಗಿಸಬೇಕಿತ್ತು. ಬದಲಿಗೆ ಅವರಿಬ್ಬರ ನಡುವೆ ಎಷ್ಟು ದೂರವಿದೆ ಎಂದು ಅಳೆಯುತ್ತಿದ್ದೆ.

ಅವನು ತಿರುಗಿದ, ನಾನು ಅಳೆಯುವುದನ್ನು ಕಂಡ, ನಗು ತಡೆದುಕೊಳ್ಳುತ್ತಾ ಒಂದು ಹೆಜ್ಜೆ ಹಿಂದೆ ಸರಿದ.

ಸಾಲದು ಎಂದು ತಲೆಯಾಡಿಸಿದೆ.

ಇನ್ನೊಂದು ಹೆಜ್ಜೆ ಸರಿದ.