ಡ್ರೈವ್ ಕಾಣೆಯಾದ ಮಧ್ಯಾಹ್ನ

ನನ್ನದೇ ಸ್ಕ್ರೂಡ್ರೈವರ್! ಅದರ ಮೊನೆ ನನ್ನ ಗಂಟಲಿಗೇ ಒತ್ತಿಕೊಂಡಿತ್ತು.

"ಆನ್ ಮಾಡು," ಎಂದ ದಪ್ಪ ಮೀಸೆಯವನು.

"ಮಾಡ್ತೀನಿ ಸ್ವಾಮಿ... ನೀವು ಕೈ ಅಲ್ಲಾಡಿಸಬೇಡಿ!"

ನನ್ನ ರಿಪೇರಿ ಅಂಗಡಿಯ ಬೆಂಚಿನ ಮೇಲಿದ್ದ ಲ್ಯಾಪ್‌ಟಾಪಿನ ಬಟನ್ ಒತ್ತಿದೆ. ಫ್ಯಾನ್ ಗುರ್ರೆಂದಿತು. ಕಪ್ಪು ಪರದೆ. ಅದರ ಮೇಲೆ ಒಂದೇ ಒಂದು ಬಿಳಿ ಸಾಲು.

"ಏನಂತೆ?"

"ಬೂಟ್ ಡ್ರೈವ್ ಸಿಗ್ತಿಲ್ವಂತೆ."

"ಅಂದ್ರೆ?"

"ಒಳಗಿರೋದು ಒಂದೂ ಓಪನ್ ಆಗಲ್ಲ."

ಅವನು ನಕ್ಕ. ಸ್ಕ್ರೂಡ್ರೈವರ್ ಬಿಸಾಕಿ ನನ್ನ ಕೆನ್ನೆ ತಟ್ಟಿದ.

"ಹಾಗೇ ಇರ್ಲಿ. ರಿಪೇರಿ ಗಿಪೇರಿ ಅಂತ ಕೈ ಹಾಕಿದ್ರೆ ಬೆರಳು ಉಳಿಯಲ್ಲ!"

ಹೊರಟೇಹೋದ. ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು!

ಯೋಚಿಸಿ ನೋಡಿ. ಅಂಗಡಿಗೆ ನುಗ್ಗಿದವನು ಮಾಲು ಎತ್ತಿಕೊಂಡು ಹೋಗಬೇಕಲ್ಲವೇ? ಇವನು ಅದು ಕೆಟ್ಟಿದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡು ಹೋದ. ಕೆಟ್ಟಿರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ಆದರೆ ಅದನ್ನು ಬೆಳಿಗ್ಗೆಯೇ ನಾನು ಸರಿ ಮಾಡಿದ್ದೆ!

ಲ್ಯಾಪ್‌ಟಾಪ್ ತಂದವರು ಒಬ್ಬ ಟೀಚರ್. ಗಂಡ ಶ್ರೀಮಂತರೊಬ್ಬರ ಮನೆಯ ಡ್ರೈವರ್, ಈಗ ಜೈಲಿನಲ್ಲಿದ್ದಾನೆ. ಧಣಿಯ ಕಾರು ಸೈಕಲ್ಲಿನ ಮುದುಕರೊಬ್ಬರನ್ನು ಕೊಂದಿತ್ತು. ಓಡಿಸುತ್ತಿದ್ದದ್ದು ಧಣಿಯ ಮಗ ಎಂದು ಡ್ರೈವರ್ ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ಕಾರಿನ ಕ್ಯಾಮೆರಾದ ವಿಡಿಯೋವನ್ನು ಡ್ರೈವರ್ ಈ ಲ್ಯಾಪ್‌ಟಾಪಿಗೆ ಹಾಕಿಟ್ಟಿದ್ದ. ಪೊಲೀಸರು ಅವನನ್ನು ಎಳೆದೊಯ್ಯುವ ಗಲಾಟೆಯಲ್ಲಿ ಅದು ಬೀರುವಿನ ಮೇಲಿಂದ ಬಿತ್ತು. ಅಲ್ಲಿಂದ ಪರದೆಯ ಮೇಲೆ ಅದೇ ಸಾಲು.

"ನಾಳೆ ತೀರ್ಪು ಸರ್. ಧಣಿಗೆ ಹೆದರಿ ಬೇರೆ ಅಂಗಡಿಯವರ್ಯಾರೂ ಇದನ್ನ ಮುಟ್ಟಲಿಲ್ಲ. ಇವತ್ತು ಮೂರು ಗಂಟೆಗೆ ವಕೀಲರನ್ನ ಕರ್ಕೊಂಡು ಬರ್ತೀನಿ," ಎಂದಿದ್ದರು ಟೀಚರ್.

ನಾನು ಲ್ಯಾಪ್‌ಟಾಪಿನ ಸೆಟಪ್ ಮೆನು ತೆರೆದು ನೋಡಿದ್ದೆ. ಡ್ರೈವಿನ ಹೆಸರಿರಬೇಕಾದ ಜಾಗ ಖಾಲಿ. ಹಿಂಬದಿ ಬಿಚ್ಚಿದೆ. ಫೈಲುಗಳೆಲ್ಲ ಇರುವ ಡ್ರೈವ್, ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ಸಣ್ಣದು, ಲ್ಯಾಪ್‌ಟಾಪ್ ಬಿದ್ದ ರಭಸಕ್ಕೆ ಸ್ಲಾಟಿನಿಂದ ಜಾರಿತ್ತು. ಒತ್ತಿ ಕೂರಿಸಿ ಸ್ಕ್ರೂ ಬಿಗಿದೆ. ಹೆಸರು ಬಂತು! ಟೀಚರಿಗೆ ಫೋನ್ ಮಾಡಿ ಧೈರ್ಯ ಹೇಳಿದೆ. ಬೇರೊಂದು ಪಾರ್ಸೆಲ್ ತರಲು ಕೊರಿಯರ್ ಆಫೀಸಿಗೆ ಹೋದೆ. ಬಂದಾಗ ಅಂಗಡಿಯಲ್ಲಿ ಮೀಸೆ ಕೂತಿದ್ದ.

ಈಗ ಮತ್ತೆ ಹಿಂಬದಿ ಬಿಚ್ಚಿದೆ.

ಸ್ಲಾಟ್ ಖಾಲಿ. ಡ್ರೈವೇ ಇಲ್ಲ!

ಬಿಚ್ಚಿದವನು ಸ್ಕ್ರೂಗಳನ್ನೆಲ್ಲ ಒಪ್ಪವಾಗಿ ವಾಪಸ್ ಬಿಗಿದಿದ್ದ. ಅದು ಮೀಸೆಯಂಥವನ ಕೈಯಲ್ಲ. ನಾನು ಹೋಗುವಾಗ ಅಂಗಡಿಯಲ್ಲಿದ್ದವನು ಒಬ್ಬನೇ. ನನ್ನ ಭಾಮೈದ. ಹೆಂಡತಿಯ ತಮ್ಮ, ಅಂಗಡಿಯಲ್ಲಿ ಸಮಪಾಲುದಾರ. ಸ್ಕ್ರೂಡ್ರೈವರ್ ಹಿಡಿಯುವುದನ್ನೂ ಅವನಿಗೆ ನಾನೇ ಕಲಿಸಿದ್ದೆ.

ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಮೀಸೆ ಸ್ಟಾರ್ಟ್ ಆಗದ ಬೈಕಿಗೆ ಇನ್ನೂ ಕಿಕ್ ಹೊಡೆಯುತ್ತಿದ್ದ.

ಹಿಂದಿನ ಸೀಟಿನಲ್ಲಿ ನನ್ನ ಭಾಮೈದ!

ಮೆಟ್ಟಿಲು ಹಾರಿದೆ. ಸ್ಕೂಟರ್ ಎಳೆದೆ. ಒನ್ ವೇಗೆ ಎದುರು ನುಗ್ಗಿದೆ. ಬಸ್ಸಿನವನು ನನ್ನ ವಂಶವನ್ನೆಲ್ಲ ಸ್ಮರಿಸಿದ. ಸ್ಮರಿಸಲಿ! ಬೈಕು ಸಿನಿಮಾ ಕಾಂಪ್ಲೆಕ್ಸಿನ ನೆಲಮಾಳಿಗೆಗೆ ಇಳಿಯಿತು. ನಾನೂ ಇಳಿದೆ.

ತಡವಾಗಿತ್ತು.

ಧಣಿಯ ಮಗ, ಊರಿಗೆಲ್ಲ ಗೊತ್ತಿರುವ ಮುಖ, ಕಾರಿಗೆ ಒರಗಿ ನಿಂತಿದ್ದ. ಡ್ರೈವ್ ನೆಲದ ಮೇಲಿತ್ತು. ಮೀಸೆ ವೀಲ್ ಸ್ಪ್ಯಾನರ್ ಎತ್ತಿ ಕುಟ್ಟಿದ... ಮತ್ತೆ ಕುಟ್ಟಿದ... ಡ್ರೈವ್ ಚೂರುಚೂರಾಯಿತು.

"ಓಹೋ, ಮೆಕ್ಯಾನಿಕ್ ಸಾಹೇಬರು!" ಎಂದ ಧಣಿಯ ಮಗ. "ಇದನ್ನೂ ರಿಪೇರಿ ಮಾಡ್ತೀರಾ?"

ನಾನು ಮುಂದೆ ನುಗ್ಗಿದೆ. ಮೀಸೆಯ ಮೊಣಕೈ ಪಕ್ಕೆಗೆ ಬಿತ್ತು. ನೆಲ ಕಚ್ಚಿದೆ. ಅವರಿಬ್ಬರೂ ನಗುತ್ತಾ ಹೊರಟರು. ಭಾಮೈದ ಮಾತ್ರ ಉಳಿದ. ನನ್ನನ್ನು ಎಬ್ಬಿಸಲು ಕೈ ಚಾಚಿದ. ಎಷ್ಟು ಧೈರ್ಯ ನೋಡಿ!

ಅವನ ಕಾಲರ್ ಹಿಡಿದು ಕಂಬಕ್ಕೆ ಒತ್ತಿದೆ.

"ಯಾಕೋ? ಏನು ಕಮ್ಮಿ ಮಾಡಿದ್ದೆ ನಿಂಗೆ?"

"ಬಿಟ್ಬಿಡಿ ಭಾವ... ಮುಗೀತಲ್ಲ. ಇದರಲ್ಲಿ ನೀವು ತಲೆ ಹಾಕ್ಬೇಡಿ."

"ಒಬ್ಬ ಬಡವ ಜೈಲಲ್ಲಿ ಕೊಳೀತಾನಲ್ಲೋ!"

ಅವನು ಮುಖ ತಿರುಗಿಸಿದ. ಪರರು ಮೋಸ ಮಾಡಿದರೆ ಬೈದು ಮರೆಯಬಹುದು. ಇವನು ನನ್ನ ತಟ್ಟೆಯ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಬೆಳೆದವನು.

ಅವನನ್ನು ಬಿಟ್ಟು ತಿರುಗಿದೆ. ಆಗ ತಲೆಗೆ ಹೊಳೆಯಿತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯುಂಟು. ಯಾರ ಡ್ರೈವೇ ಇರಲಿ, ಸ್ಲಾಟಿನಿಂದ ಎಳೆಯುವ ಮೊದಲು ಅದರ ಪೂರ್ತಿ ನಕಲು ತೆಗೆಯಲೇಬೇಕು. ಆಮೇಲಷ್ಟೇ ಸ್ಕ್ರೂಗೆ ಕೈ. ಮೊದಮೊದಲು ಇವನು ಮರೆತಾಗ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದೆ.

"ಲೋ... ಬಿಚ್ಚೋಕೆ ಮುಂಚೆ ಏನು ಮಾಡ್ದೆ?"

ಅವನ ಮುಖ ಬಿಳುಚಿತು.

"ಕೈ... ಕೈ ತಾನಾಗೇ ಮಾಡ್ಬಿಡ್ತು ಭಾವ!"

ಇಬ್ಬರೂ ಓಡಿದೆವು! ನಾನು ನಕಲು ಉಳಿಸಲು, ಅವನು ಅಳಿಸಲು.

ನನಗೆ ಸ್ಕೂಟರ್ ಇತ್ತು, ಅವನಿಗೆ ಆಟೋ ಸಿಕ್ಕಿತು. ಸಿಗ್ನಲ್ಲಿನಲ್ಲಿ ಅವನು ನನ್ನನ್ನು ಹಿಂದೆ ಹಾಕಿದ. ಬೀದಿಯ ತಿರುವಿನಲ್ಲಿ ಫುಟ್‌ಪಾತ್ ಹತ್ತಿಸಿ ನಾನು ಅವನನ್ನು ದಾಟಿದೆ. ಅಂಗಡಿಯೊಳಗೆ ನುಗ್ಗಿ ಷಟರ್ ಎಳೆದು ಚಿಲಕ ಹಾಕುವುದಕ್ಕೂ ಅವನು ಬಂದು ಅಪ್ಪಳಿಸುವುದಕ್ಕೂ ಸರಿಹೋಯಿತು.

"ಭಾವ! ನೋಡ್ಬೇಡಿ! ಡಿಲೀಟ್ ಮಾಡ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಅಂಗಡಿಯ ಕಂಪ್ಯೂಟರಿನಲ್ಲಿ ನಕಲು ಇತ್ತು. ಇವತ್ತಿನ ತಾರೀಖು, ಟೀಚರ್ ಅವರ ಟೋಕನ್ ಸಂಖ್ಯೆ, ಎಲ್ಲ ಹಾಕಿ ನೀಟಾಗಿ ಇಟ್ಟಿದ್ದ. ವಿಡಿಯೋ ತೆರೆದೆ.

ಆ ಕ್ಯಾಮೆರಾ ಕಾರಿನ ಒಳಗನ್ನೂ ನೋಡುತ್ತಿತ್ತು. ಸ್ಟೀರಿಂಗ್ ಹಿಡಿದವನು ಧಣಿಯ ಮಗ. ಕುಡಿದು ತೂಗಾಡುತ್ತಿದ್ದ. ಪಕ್ಕದಲ್ಲೊಬ್ಬ ಗೆಳೆಯ, ಅದೇ ಸ್ಥಿತಿ. ನಗು... ಹಾಡು... ಆಮೇಲೆ ಧಡ್ ಎಂದು ಸದ್ದು!

"ನಿಲ್ಲಿಸ್ಬೇಡ, ಹೊಡಿ!" ಎಂದು ಗೆಳೆಯ ಕಿರುಚಿದ. "ಡ್ರೈವರ್ ಓಡಿಸ್ತಿದ್ದ ಅಂದ್ರಾಯ್ತು!"

ಆ ದನಿ ನನಗೆ ಗೊತ್ತು. ಅದೇ ದನಿ ಈಗ ಷಟರಿನ ಆಚೆ ಅಳುತ್ತಿತ್ತು.

ಇವನು ಹಣಕ್ಕೆ ತನ್ನನ್ನು ಮಾರಿಕೊಂಡಿದ್ದಾನೆ ಎಂದುಕೊಂಡಿದ್ದೆ. ಅದಾಗಿದ್ದರೂ ಪರವಾಗಿರಲಿಲ್ಲ! ತಿಂಗಳುಗಟ್ಟಲೆ ನನ್ನೆದುರು ಕೂತು ನಗುನಗುತ್ತಾ ಕೆಲಸ ಮಾಡಿದ್ದನಲ್ಲ, ಅದು ಹೊಟ್ಟೆಗೆ ಬೆಂಕಿ ಇಟ್ಟಿತು.

ಮೌಸ್ ಡಿಲೀಟ್ ಮೇಲೆ ಹೋಯಿತು. ಸುಳ್ಳು ಹೇಳಲಾರೆ, ಹೋಯಿತು. ಹೆಂಡತಿಗೆ ಇರುವುದು ಅವನೊಬ್ಬನೇ ತಮ್ಮ. ಇನ್ನೊಂದು ಕ್ಲಿಕ್ ಅಷ್ಟೇ...

"ಸರ್, ವಕೀಲರು ಬಂದಿದ್ದಾರೆ," ಎಂದರು ಹೊರಗಿನಿಂದ ಟೀಚರ್. "ಇವರ್ಯಾರೋ ಬಾಗಿಲಲ್ಲಿ ಕೂತು ಅಳ್ತಿದ್ದಾರೆ ಸರ್. ಹುಷಾರಿಲ್ವೇನೋ. ನೀರು ಕೊಡ್ಲಾ?"

ನೀರು ಕೊಡ್ತಾರಂತೆ! ಅದೂ ಇವನಿಗೆ!

ಷಟರ್ ಎತ್ತಿದೆ. ಭಾಮೈದ ನನ್ನ ಮುಖ ನೋಡಿದ. ನಾನು ಅವನನ್ನು ದಾಟಿ ವಕೀಲರನ್ನು ಒಳಗೆ ಕರೆದು, ವಿಡಿಯೋ ಮೊದಲಿನಿಂದ ಹಾಕಿದೆ. ಅವನು ಓಡಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ.

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ವಕೀಲರು ಪೊಲೀಸರಿಗೆ ಫೋನ್ ಹಚ್ಚಿದರು.

ನನ್ನ ಫೋನೂ ಹೊಡೆದುಕೊಂಡಿತು. ಹೆಂಡತಿ.

"ರೀ, ನನ್ನ ತಮ್ಮ ಫೋನೇ ತೆಗೀತಿಲ್ಲ. ಊಟಕ್ಕೆ ಬರ್ತಾನಾ? ಅವನಿಗೆ ಎತ್ತಿಡ್ಲಾ?"

"ಬೇಡ ಕಣೇ," ಎಂದೆ. "ಅವನು ಬರೋಷ್ಟರಲ್ಲಿ ಹಳಸಿಹೋಗಿರುತ್ತೆ!"